ಹಗಲಲ್ಲೇ ಟ್ಯೂಬ್‌ಲೈಟ್: ಮುಂಬೈಯ ಹೊಸ ಶಾಲೆ ಕಟ್ಟಡಗಳ ಲೆಕ್ಕ

ಕಳೆದ ಅಕ್ಟೋಬರ್‌ನ ಒಂದು ಮಧ್ಯಾಹ್ನ ಮೂರೂವರೆ ಗಂಟೆ. ಮುಂಬೈ ಉಪನಗರದ ಒಂದು ಕನ್ನಡ ಶಾಲೆಯ ಮೂರನೇ ಮಹಡಿಯಲ್ಲಿ ನಿಂತಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಆರು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಪಶ್ಚಿಮದ ಗೋಡೆಯ ನಾಲ್ಕೂ ಕಿಟಕಿಗಳನ್ನು ಮುಚ್ಚಿ, ಗಾಜಿಗೆ ಹಳೇ ಡ್ರಾಯಿಂಗ್ ಶೀಟು, ಕ್ಯಾಲೆಂಡರ್ ಹಾಳೆ ಅಂಟಿಸಿದ್ದರು. ಒಂದು ಹಾಳೆಯಲ್ಲಿ ಯಾವುದೋ ಮಗು ಬಿಡಿಸಿದ ತೆಂಗಿನ ಮರ, ಗುಡ್ಡ, ನಡುವೆ ಹುಟ್ಟುವ ಸೂರ್ಯ. ನಾಲ್ಕು ಫ್ಯಾನ್ ತಿರುಗುತ್ತಿದ್ದರೂ ಮಕ್ಕಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಕಿಟಕಿ ಪಕ್ಕದ ಬೆಂಚುಗಳನ್ನು ಗೋಡೆಯಿಂದ ಮೂರಡಿ ಈಚೆಗೆ ಎಳೆದಿದ್ದರು.

‘ಏನ್ ಮಾಡೋದು ಸರ್, ಪೇಪರ್ ತೆಗೆದ್ರೆ ಮಕ್ಕಳ ಮುಖಕ್ಕೇ ಬಿಸಿಲು. ಬೋರ್ಡೂ ಕಾಣಲ್ಲ’ ಅಂದರು ಟೀಚರ್.

ಅವರದ್ದೇನೂ ತಪ್ಪಿಲ್ಲ. ಆ ಕಟ್ಟಡದ ನಕ್ಷೆ ಬರೆದ ದಿನ ಯಾರೋ ಆ ಕಿಟಕಿಯನ್ನು ಅಲ್ಲಿ ಇಟ್ಟರು. ಅಂದಿನಿಂದ ಇಂದಿನವರೆಗೆ ಪ್ರತಿ ಮಧ್ಯಾಹ್ನ ಅದರ ಬಿಲ್ ಕಟ್ಟುತ್ತಿದ್ದಾರೆ. ಬಿಸಿಲು ತಡೆಯಲು ಕಿಟಕಿ ಮುಚ್ಚಿದರು, ಗಾಳಿ ನಿಂತಿತು. ಬೆಳಕು ಹೋಯಿತು, ಟ್ಯೂಬ್‌ಲೈಟ್ ಬಂತು. ಸೆಕೆ ಏರಿತು, ಫ್ಯಾನ್ ಫುಲ್ ಸ್ಪೀಡಿಗೆ ಹೋಯಿತು.

ಆ ಶಾಲೆಯನ್ನು ಈಗ ಕೆಡವಿ ಹೊಸದಾಗಿ ಕಟ್ಟುವ ಮಾತು ನಡೆದಿದೆ. ನಾನು ಇಪ್ಪತ್ತು ವರ್ಷ ಕಟ್ಟಡದ ಸೈಟ್‌ಗಳಲ್ಲೇ ಕಳೆದವನು. ಅದಕ್ಕೇ ಕಮಿಟಿಯವರು ‘ಒಮ್ಮೆ ಬಂದು ನೋಡಿ ಹೋಗಿ’ ಎಂದು ಕರೆದಿದ್ದರು. ಇದು ಒಂದೇ ಶಾಲೆಯ ಕಥೆಯಲ್ಲ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಗಟ್ಟಿಯಾಗಿದೆಯೇ ಎಂಬ ತಪಾಸಣೆ, ಮಾಡಿಸಲೇಬೇಕು ಎಂಬ ಕಾನೂನಿದೆ. ಊರಿಂದ ಬಂದು ಹೋಟೆಲ್ಲು, ಮಿಲ್ಲು, ಬಂದರಿನ ಡಾಕಿನಲ್ಲಿ ದುಡಿದವರು ಚಂದಾ ಎತ್ತಿ ಕಟ್ಟಿದ ಎಷ್ಟೋ ಶಾಲೆಗಳು ಆ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬ್ ಉದುರುತ್ತಿದೆ. ಒಂದೋ ದೊಡ್ಡ ರಿಪೇರಿ, ಇಲ್ಲಾ ಹೊಸ ಕಟ್ಟಡ.

ಮೀಟಿಂಗ್‌ನಲ್ಲಿ ಎಲ್ಲರೂ ಮನಸ್ಸಿಟ್ಟು ಮಾತಾಡಿದರು. ಸೋಲಾರ್ ಹಾಕೋಣ ಅಂದರು ಒಬ್ಬರು. ಇಂಗ್ಲಿಷ್ ಮೀಡಿಯಂ ಶಾಲೆಗಳ ಜೊತೆ ಪೈಪೋಟಿ ಇದೆ, ಎಲ್ಲಾ ಕ್ಲಾಸಿಗೂ ಎಸಿ ಬೇಕು ಅಂದರು ಇನ್ನೊಬ್ಬರು. ಮುಂಭಾಗಕ್ಕೆ ಗಾಜು ಹಾಕಿದರೆ ಲುಕ್ ಬರುತ್ತೆ ಎಂಬ ಮಾತೂ ಬಂತು. ಎರಡು ಗಂಟೆ ಕಳೆದರೂ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ: ಕ್ಲಾಸಿನ ಕಿಟಕಿ ಯಾವ ದಿಕ್ಕಿಗೆ?

ನನ್ನ ಅನುಭವದಲ್ಲಿ ಶಾಲೆಯ ಮುಂದಿನ ಐವತ್ತು ವರ್ಷದ ಕರೆಂಟ್ ಬಿಲ್ಲಿನ ದೊಡ್ಡ ಪಾಲು ನಿರ್ಧಾರ ಆಗುವುದು ಅಲ್ಲಿ, ಪೆನ್ಸಿಲ್ ಗೆರೆಯಲ್ಲಿ. ಪ್ಯಾನೆಲ್ಲು, ಎಸಿ, ಫ್ಯಾನು ಎಲ್ಲ ಆಮೇಲೆ ಬರುವಂಥವು.

ಮುಂಬೈಯ ಸೆಕೆ ಬೇರೆ

ಕಟ್ಟಡಗಳಿಗಾಗಿ ನಮ್ಮ ದೇಶವನ್ನು ಐದು ಹವೆಯ ವಲಯಗಳಾಗಿ ವಿಂಗಡಿಸಿದ್ದಾರೆ. ಮುಂಬೈ ಬರುವುದು ‘ಬಿಸಿ ಮತ್ತು ತೇವ’ ವಲಯದಲ್ಲಿ. ಮಂಗಳೂರು, ಗೋವಾದ ಕರಾವಳಿಯೂ ಅದೇ. ಇಲ್ಲಿ ತೊಂದರೆ ಕೊಡುವುದು ಬರೀ ತಾಪಮಾನ ಅಲ್ಲ. 33 ಡಿಗ್ರಿಯಲ್ಲೂ ಬೆವರು ಆರುವುದಿಲ್ಲ, ಅದು ಕಷ್ಟ. ಬೆವರು ಆರಬೇಕಾದರೆ ಮೈಮೇಲೆ ಗಾಳಿ ಹಾಯಬೇಕು. ಇನ್ನೊಂದು ವಿಷಯ, ಇಲ್ಲಿ ರಾತ್ರಿಯೂ ಅಷ್ಟೇನೂ ತಂಪಾಗುವುದಿಲ್ಲ. ಪುಣೆಯಲ್ಲೋ ಬೆಂಗಳೂರಲ್ಲೋ ದಪ್ಪ ಗೋಡೆ ರಾತ್ರಿಯ ತಂಪನ್ನು ಹಿಡಿದಿಟ್ಟು ಹಗಲು ಕೊಡುತ್ತದೆ. ಇಲ್ಲಿ ಆ ಉಪಾಯ ಜಾಸ್ತಿ ನಡೆಯಲ್ಲ. ಬೆಂಗಳೂರಿನ ಒಳ್ಳೆಯ ಶಾಲೆಯ ನಕ್ಷೆಯನ್ನು ತಂದು ಮುಂಬೈಯಲ್ಲಿ ಕಟ್ಟಿದರೆ ಅದು ಕೆಟ್ಟ ಶಾಲೆಯಾಗಬಹುದು.

ಇಲ್ಲಿ ನೆರಳು ಬೇಕು, ಗಾಳಿ ಬೇಕು. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ದಕ್ಷಿಣ ಕನ್ನಡದ ಹಳೇ ಮನೆಯನ್ನು ನೆನಪಿಸಿಕೊಳ್ಳಿ. ತಗ್ಗಾಗಿ ಇಳಿದ ಮಾಡು, ಸುತ್ತ ಜಗಲಿ, ಗೋಡೆಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಗಾಳಿಗೆ ಮಾತ್ರ ದಾರಿ. ಅದೇ ಜಗಲಿಯನ್ನು ಐದು ಮಹಡಿಯ ಶಾಲೆಗೆ ತರಬಹುದು. ಅದರ ಹೆಸರು ಕಾರಿಡಾರ್, ಅಷ್ಟೇ.

ಮೊದಲು ಸೂರ್ಯನ ಲೆಕ್ಕ. ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಒಂಚೂರು ಉತ್ತರಕ್ಕೆ ಇರುತ್ತಾನೆ. ಆಗ ಒಂದೋ ರಜೆ, ಇಲ್ಲಾ ಮಳೆಗಾಲದ ಮೋಡ. ಉಳಿದ ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ತೀರಾ ಕೆಳಗೆ ಇಳಿದಾಗಲೂ ಮಧ್ಯಾಹ್ನ 47 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಉತ್ತರ, ದಕ್ಷಿಣದ ಕಿಟಕಿಗೆ ಬರುವ ನಡುಹಗಲಿನ ಬಿಸಿಲು ಎತ್ತರದಿಂದ ಬರುತ್ತದೆ. ಕಿಟಕಿಯ ಮೇಲೆ ಹೊರಗೆ ಚಾಚಿದ ಎರಡಡಿ ಚಜ್ಜಾ ಸಾಕು ತುಂಬಾ ಹೊತ್ತು ನೆರಳು ಕೊಡಲು. ಪಶ್ಚಿಮದ ಬಿಸಿಲು ಹಾಗಲ್ಲ. ಸಂಜೆಯ ಸೂರ್ಯ ಕೆಳಗಿಳಿದು ನೇರ ಕಿಟಕಿಯೊಳಗೆ ನುಗ್ಗುತ್ತಾನೆ. ಎಷ್ಟು ಉದ್ದ ಚಜ್ಜಾ ಹಾಕಿದರೂ ಅದರ ಕೆಳಗಿಂದ ಬರುತ್ತಾನೆ. ಅಕ್ಟೋಬರ್‌ನ ನಾಲ್ಕು ಗಂಟೆಗೆ ಪಶ್ಚಿಮದ ಒಂದು ಚದರ ಮೀಟರ್ ಗಾಜಿನ ಮೇಲೆ ಸುಮಾರು 500 ವ್ಯಾಟ್ ಶಾಖ ಬೀಳುತ್ತದೆ. ನಾಲ್ಕು ಚದರ ಮೀಟರ್ ಗಾಜಿದ್ದರೆ ಸ್ನಾನದ ನೀರು ಕಾಯಿಸುವ ಗೀಸರ್ ಒಂದನ್ನು ಕ್ಲಾಸಿನೊಳಗೆ ಉರಿಸಿಟ್ಟಂತೆ.

ಇದರಲ್ಲಿ ಎರಡು ಪಾಳಿಯ ವಿಷಯವೂ ಸೇರಿಕೊಂಡಿದೆ. ಮುಂಬೈಯ ಬಹಳ ಶಾಲೆಗಳಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಒಂದೇ ಕೋಣೆಯನ್ನು ಇಬ್ಬರು ಬಳಸುತ್ತಾರೆ. ಪಶ್ಚಿಮಕ್ಕೆ ಕಿಟಕಿ ಇಟ್ಟ ಕ್ಲಾಸಿನಲ್ಲಿ ಬೆಳಗಿನ ಮಕ್ಕಳು ಆರಾಮಾಗಿರುತ್ತಾರೆ, ಮಧ್ಯಾಹ್ನದ ಮಕ್ಕಳು ಬೇಯುತ್ತಾರೆ. ನಾಲ್ಕನೇ ತರಗತಿವರೆಗಿನ ಕ್ಲಾಸುಗಳು ಬೆಳಿಗ್ಗೆ 9ರ ಮೇಲೆ ಶುರುವಾಗಬೇಕು ಎಂದು ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಹೇಳಿತು. ಪುಟ್ಟ ಮಕ್ಕಳ ನಿದ್ದೆಗೆ ಅದು ಒಳ್ಳೆಯದೇ. ಆದರೆ ಕೋಣೆ ತಂಪಾಗಿರುವ ಬೆಳಗಿನ ಎರಡು ಗಂಟೆ ಕೈಬಿಟ್ಟು ಹೋಯಿತು. ಇನ್ನು ಕಟ್ಟಡವೇ ಆ ಕೆಲಸ ಮಾಡಬೇಕು.

ಹಾಗಾದರೆ ಕ್ಲಾಸುಗಳ ಉದ್ದ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೆ ಮುಖ ಮಾಡಲಿ. ಪಶ್ಚಿಮದ ತುದಿಯಲ್ಲಿ ಮೆಟ್ಟಿಲು, ಟಾಯ್ಲೆಟ್, ಸ್ಟೋರ್ ರೂಮ್ ಬರಲಿ. ಅಲ್ಲಿ ಯಾರೂ ಆರು ಗಂಟೆ ಕೂರುವುದಿಲ್ಲ. ಗಾಳಿ ಬರುವುದೇ ಪಶ್ಚಿಮದ ಸಮುದ್ರದಿಂದ ಅಲ್ವಾ ಎಂದು ಕೇಳಬಹುದು. ಹೌದು, ಹಗಲಲ್ಲಿ ಪಶ್ಚಿಮ, ವಾಯವ್ಯದಿಂದ, ಮಳೆಗಾಲದಲ್ಲಿ ನೈಋತ್ಯದಿಂದ. ಆದರೆ ಗಾಳಿ ಗೋಡೆಗೆ ನೇರವಾಗಿಯೇ ಬಡಿಯಬೇಕೆಂದಿಲ್ಲ, ಓರೆಯಾಗಿ ಬಂದರೂ ಒಳಗೆ ಹೊಕ್ಕುತ್ತದೆ. ಕಟ್ಟಡವನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿದರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಬೆನ್ನು, ಗಾಳಿಗೆ ಭುಜ ಕೊಟ್ಟು ನಿಂತ ಹಾಗೆ. ಮುಂಬೈಯ ಸೈಟು ನಾವು ಹೇಳಿದ ಹಾಗೆ ತಿರುಗುವುದಿಲ್ಲ, ರಸ್ತೆ ಹೇಗಿದೆಯೋ ಹಾಗೇ ಇರುತ್ತದೆ. ಪಶ್ಚಿಮಕ್ಕೆ ಕ್ಲಾಸು ಬರಲೇಬೇಕಾದರೆ ಅಲ್ಲಿ ಅಡ್ಡ ಚಜ್ಜಾ ಬದಲು ನೆಟ್ಟಗೆ ನಿಲ್ಲುವ ಪಟ್ಟಿ ಅಥವಾ ಜಾಲಂದ್ರ ಹಾಕಬೇಕು, ಸಾಧ್ಯವಿದ್ದರೆ ಮರವನ್ನೂ ನೆಡಬೇಕು.

ಕಾರಿಡಾರ್ ಎಂಬ ಜಗಳ

ಆ ಮೀಟಿಂಗ್‌ನಲ್ಲಿ ನಿಜವಾದ ಜಗಳ ಆದದ್ದು ಕಾರಿಡಾರ್ ಬಗ್ಗೆ. ನಕ್ಷೆಯಲ್ಲಿ ಮಧ್ಯೆ ಒಂದು ಕಾರಿಡಾರ್, ಅದರ ಎರಡೂ ಕಡೆ ಕ್ಲಾಸುಗಳು ಇದ್ದವು. ಹೋಟೆಲ್‌ನ ಲಾಡ್ಜಿಂಗ್ ಇದ್ದ ಹಾಗೆ. ಮುಂಬೈಯಲ್ಲಿ ಒಂದೊಂದು ಚದರ ಅಡಿಗೂ ಬೆಲೆ ಇದೆ, ಎಫ್‌ಎಸ್‌ಐ ಲೆಕ್ಕ, ಅಂದರೆ ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಎಂಬ ಮಿತಿ, ಇದೆ. ಒಂದು ಕಾರಿಡಾರ್ ಎರಡು ಸಾಲಿಗೆ ಸಾಕಾಗುವಾಗ ಎರಡು ಯಾಕೆ ಎಂಬ ವಾದ ಸಹಜವೇ.

ಆದರೆ ಆ ಒಂದು ಗೆರೆಯಿಂದ ಏನಾಗುತ್ತದೆ ನೋಡಿ. ಪ್ರತಿ ಕ್ಲಾಸಿಗೂ ಹೊರಗೆ ತೆರೆದಿರುವುದು ಒಂದೇ ಗೋಡೆ. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲೂ ದಾರಿ ಬೇಕು. ಇನ್ನೊಂದು ಬದಿ ಮುಚ್ಚಿದ್ದರೆ ಕಿಟಕಿ ಎಷ್ಟೇ ದೊಡ್ಡದಿದ್ದರೂ ಗಾಳಿ ಹೊಸ್ತಿಲಲ್ಲೇ ನಿಲ್ಲುತ್ತದೆ. ಎರಡು ಸಾಲಿನಲ್ಲಿ ಒಂದು ಸಾಲಿಗೆ ಗಾಳಿ ಬೆನ್ನ ಹಿಂದೆ. ನಡುವಿನ ಕಾರಿಡಾರ್‌ಗೆ ಕಿಟಕಿಯೇ ಇಲ್ಲ, ಹಗಲಿಡೀ ಲೈಟ್ ಉರಿಯಬೇಕು. ಅದರ ಸದ್ದು ಎರಡೂ ಕಡೆಯ ಕ್ಲಾಸಿಗೆ.

ಕಾರಿಡಾರ್ ಒಂದು ಬದಿಯಲ್ಲಿದ್ದು ಕ್ಲಾಸು ಒಂದೇ ಸಾಲಾದರೆ ಎರಡು ಗೋಡೆಯೂ ತೆರೆದಿರುತ್ತದೆ. ಕಾರಿಡಾರನ್ನು ದಕ್ಷಿಣಕ್ಕೆ ಇಡಿ, ಎಂಟು ಅಡಿ ಅಗಲ, ಹತ್ತು ಅಡಿ ಎತ್ತರ. ಡಿಸೆಂಬರ್‌ನ ನಡುಮಧ್ಯಾಹ್ನ, ಅಂದರೆ ಬಿಸಿಲು ಅತಿ ಒಳಗೆ ಬರುವ ದಿನ, ಅದು ಕ್ಲಾಸಿನ ಗೋಡೆಯ ಬುಡದ ಒಂದೂವರೆ ಅಡಿಯನ್ನಷ್ಟೇ ಮುಟ್ಟುತ್ತದೆ. ಮಳೆಗಾಲದ ನೈಋತ್ಯದ ಎರಚಲೂ ಆ ಎಂಟಡಿಯಲ್ಲೇ ನಿಲ್ಲುತ್ತದೆ. ಇದು ಸಣ್ಣ ಮಾತಲ್ಲ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಕಿಟಕಿ ಮುಚ್ಚಿ ನಲವತ್ತು ಮಕ್ಕಳು ಕೂತರೆ ಕೋಣೆ ಉಸಿರುಗಟ್ಟುತ್ತದೆ, ಮಕ್ಕಳು ತೂಕಡಿಸುತ್ತಾರೆ. ಮಳೆ ಬರುವಾಗಲೂ ತೆರೆದಿಡಬಹುದಾದ ಕಿಟಕಿ ಮುಂಬೈಯ ಶಾಲೆಗೆ ಬೇಕೇ ಬೇಕು. ಅದನ್ನು ಕೊಡುವುದು ಆ ಕಾರಿಡಾರ್. ಕಾರಿಡಾರ್ ಕಡೆಯ ಗೋಡೆಯನ್ನು ಮಾತ್ರ ಬರೀ ಬಾಗಿಲಿಟ್ಟು ಮುಚ್ಚಿಬಿಡಬಾರದು. ಅಲ್ಲೂ ಕಿಟಕಿ, ಮೇಲೆ ವೆಂಟಿಲೇಟರ್ ಇರಬೇಕು.

ಕಿಟಕಿಯ ಎತ್ತರದ ಬಗ್ಗೆ ಒಂದು ಮಾತು. ಕೆಳಗಿನ ಅಂಚು ನಾಲ್ಕಡಿ ಮೇಲಿದ್ದರೆ ಗಾಳಿ ಮಕ್ಕಳ ತಲೆಯ ಮೇಲಿಂದ ಹಾದು ಹೋಗುತ್ತದೆ. ಕೂತ ಮಗುವಿನ ಎದೆಗೆ ಗಾಳಿ ತಾಗಬೇಕು. ಎರಡೂವರೆ ಅಡಿಗೆ ಅಂಚು ಇಟ್ಟು, ಗಟ್ಟಿ ಗ್ರಿಲ್ ಹಾಕಿದರೆ ಸರಿ.

ತೆರೆದ ಕಿಟಕಿಗೆ ತನ್ನದೇ ಕಷ್ಟಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಲೋಕಲ್ ಟ್ರೈನ್ ಹಳಿಯ ಪಕ್ಕದ ಶಾಲೆಯಲ್ಲಿ ಟೀಚರ್ ಗಂಟಲು ಹರಿಯುತ್ತದೆ. ರಸ್ತೆಯ ಧೂಳು ಬರುತ್ತದೆ. ಪಾರಿವಾಳ ವೆಂಟಿಲೇಟರ್‌ನಲ್ಲಿ ಗೂಡು ಕಟ್ಟುತ್ತದೆ. ಜಾಲರಿ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಆ ಕೊರತೆಗೆ ಕಿಟಕಿಯನ್ನು ಅಷ್ಟು ದೊಡ್ಡದು ಮಾಡಬೇಕು. ರಸ್ತೆ ಕಡೆಗೆ ಆಫೀಸು, ಲ್ಯಾಬು, ಲೈಬ್ರರಿ ಇಟ್ಟು ಕ್ಲಾಸುಗಳನ್ನು ಹಿಂದೆ ಇಡುವುದು ಒಂದು ದಾರಿ. ತೀರಾ ಗದ್ದಲದ ಕಡೆ ಎರಡು ಮೂರು ಕೋಣೆಗೆ ಎಸಿ ಹಾಕಬೇಕಾಗಬಹುದು. ಹಾಕಲಿ. ಎರಡು ಮೂರಕ್ಕೂ ಇಪ್ಪತ್ತಕ್ಕೂ ತುಂಬಾ ವ್ಯತ್ಯಾಸ ಇದೆ.

ಬೆಳಕು ಎಷ್ಟು ದೂರ ಹೋಗುತ್ತೆ?

ಓದಲು ಬರೆಯಲು ಮೇಜಿನ ಮೇಲೆ ಸುಮಾರು 300 ಲಕ್ಸ್ ಬೆಳಕಿದ್ದರೆ ಸಾಕು. ಲಕ್ಸ್ ಅಂದರೆ ಬೆಳಕಿನ ಅಳತೆ. ಸಾಧಾರಣ ಮೋಡದ ದಿನವೂ ಹೊರಗೆ ಹತ್ತು ಸಾವಿರ ಲಕ್ಸ್ ಆಸುಪಾಸು ಇರುತ್ತದೆ. ಅಂದರೆ ಹೊರಗಿನ ಬೆಳಕಿನ ನೂರರಲ್ಲಿ ಮೂರು ಪಾಲನ್ನು ಒಳಗೆ ತಂದರೆ ಹಗಲಲ್ಲಿ ಟ್ಯೂಬ್‌ಲೈಟ್ ಬೇಕಾಗುವುದು ಅಪರೂಪ.

ಕಟ್ಟುವವರು ಬಳಸುವ ಒಂದು ಸುಲಭ ಅಂದಾಜಿದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರ ಕೋಣೆಯೊಳಗೆ ಬೆಳಕು ಚೆನ್ನಾಗಿ ಹೋಗುತ್ತದೆ. ಏಳಡಿಗೆ ಕಿಟಕಿ ಮುಗಿದರೆ ಹದಿನೈದು ಹದಿನೇಳು ಅಡಿ, ಅಷ್ಟೇ. ಇಪ್ಪತ್ತಡಿ ಕ್ಲಾಸಿನ ಕೊನೆಯ ಬೆಂಚು ಕತ್ತಲಲ್ಲಿ. ಅದೇ ಕಿಟಕಿಯ ಮೇಲೆ ವೆಂಟಿಲೇಟರ್ ಕೊಟ್ಟು ಒಂಬತ್ತೂವರೆ ಅಡಿವರೆಗೆ ಒಯ್ದರೆ ಬೆಳಕು ಕೊನೆಯ ಬೆಂಚು ಮುಟ್ಟುತ್ತದೆ. ಮುಂಬೈಯ ಹಳೇ ಶಾಲೆಗಳಲ್ಲಿ ಛಾವಣಿ ಎತ್ತರ, ಕಿಟಕಿ ಉದ್ದ ಇರುವುದಕ್ಕೆ ಕಾರಣ ಇದೇ. ಅವರ ಹತ್ತಿರ ಟ್ಯೂಬ್‌ಲೈಟೇ ಇರಲಿಲ್ಲ.

ಇನ್ನೊಂದು ಚಿಕ್ಕ ಕೆಲಸ, ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಬೀಳುವುದಿಲ್ಲ. ವೈರಿಂಗ್ ಮಾಡುವಾಗ ಕಿಟಕಿ ಪಕ್ಕದ ಸಾಲಿನ ಲೈಟುಗಳಿಗೆ ಒಂದು ಸ್ವಿಚ್, ಗೋಡೆ ಪಕ್ಕದ ಸಾಲಿಗೆ ಇನ್ನೊಂದು ಸ್ವಿಚ್ ಕೊಡಿ. ಸಾಮಾನ್ಯವಾಗಿ ಬೋರ್ಡಿನ ಕಡೆಯ ಲೈಟಿಗೆ ಒಂದು, ಹಿಂದಿನದಕ್ಕೆ ಒಂದು ಎಂದು ಮಾಡಿಬಿಡುತ್ತಾರೆ. ಆಮೇಲೆ ಹಿಂದಿನ ಮೂಲೆ ಕತ್ತಲು ಎಂದು ಎಲ್ಲಾ ಲೈಟ್ ಹಾಕಬೇಕಾಗುತ್ತದೆ.

ಎಸಿ, ಫ್ಯಾನ್, ಸೋಲಾರ್

ಈಗ ಆ ಕಮಿಟಿಯವರ ಮುಂದೆ ನಾನು ಬರೆದು ತೋರಿಸಿದ ಲೆಕ್ಕ. ಇಪ್ಪತ್ತು ಕ್ಲಾಸು, ಎರಡು ಪಾಳಿ ಸೇರಿ ದಿನಕ್ಕೆ ಹತ್ತು ಗಂಟೆ ಎಂದುಕೊಳ್ಳೋಣ.

ಹಳೇ ಪದ್ಧತಿಯಲ್ಲಿ ಒಂದು ಕ್ಲಾಸಿಗೆ 75 ವ್ಯಾಟ್‌ನ ನಾಲ್ಕು ಫ್ಯಾನ್, ಚೋಕ್ ಸೇರಿ 50 ವ್ಯಾಟ್‌ನ ಆರು ಟ್ಯೂಬ್‌ಲೈಟ್. ಒಟ್ಟು 600 ವ್ಯಾಟ್. ಇಪ್ಪತ್ತು ಕ್ಲಾಸಿಗೆ ದಿನಕ್ಕೆ 120 ಯೂನಿಟ್. ಈಗ ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಮೋಟರ್ ಇರುವ ಫ್ಯಾನ್ ಬಂದಿದೆ, 30 ವ್ಯಾಟ್ ಚಿಲ್ಲರೆಗೆ ಅಷ್ಟೇ ಗಾಳಿ ಕೊಡುತ್ತದೆ. ಎಲ್‌ಇಡಿ ಟ್ಯೂಬ್ 20 ವ್ಯಾಟ್. ಕ್ಲಾಸಿಗೆ 250 ವ್ಯಾಟ್ ಸಾಕು. ಇಪ್ಪತ್ತು ಕ್ಲಾಸಿಗೆ ದಿನಕ್ಕೆ 50 ಯೂನಿಟ್. ಹಗಲಿನ ಬೆಳಕು ಸರಿಯಾಗಿ ಬಂದರೆ ಇನ್ನೂ ಕಡಿಮೆ.

ಎಸಿ ಹಾಕಿದರೆ? ಕೂತ ಒಂದು ಮಗುವಿನ ಮೈಯಿಂದ ಸುಮಾರು 70 ವ್ಯಾಟ್ ಶಾಖ ಹೊರಗೆ ಬರುತ್ತದೆ. ನಲವತ್ತು ಮಕ್ಕಳಿಗೆ 2,800 ವ್ಯಾಟ್. ಒಂದು ಟನ್ ಎಸಿ ಅಂದರೆ 3,500 ವ್ಯಾಟ್ ಶಾಖ ಹೊರಹಾಕುವ ಶಕ್ತಿ. ಹೊರಗಿನ ಬಿಸಿಲಿಗೆ ಕೈ ಹಾಕುವ ಮೊದಲೇ ಮುಕ್ಕಾಲು ಟನ್ ಮಕ್ಕಳ ಮೈಶಾಖಕ್ಕೇ ಹೋಯಿತು. ಕ್ಲಾಸಿಗೆ ಒಂದೂವರೆ ಟನ್ನಿನ ಎರಡು ಎಸಿ ಬೇಕು. ಒಂದೊಂದೂ ಸರಾಸರಿ ಗಂಟೆಗೆ 1.2 ಯೂನಿಟ್ ಎಳೆದರೂ ದಿನಕ್ಕೆ 480 ಯೂನಿಟ್.

50 ಎಲ್ಲಿ, 480 ಎಲ್ಲಿ.

ಸೋಲಾರ್ ವಿಷಯ ಇಲ್ಲೇ ಬರುತ್ತದೆ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು. ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ, ಮಳೆಗಾಲದಲ್ಲಿ ಕಡಿಮೆ. ಶಾಲೆಯ ಟೆರೇಸಿನಲ್ಲಿ ನೀರಿನ ಟ್ಯಾಂಕು, ಲಿಫ್ಟ್ ರೂಮು, ಪಕ್ಕದ ಟವರಿನ ನೆರಳು ಕಳೆದು 200 ಚದರ ಮೀಟರ್ ಸಿಕ್ಕಿತು ಎನ್ನಿ. 20 ಕಿಲೋವ್ಯಾಟ್, ದಿನಕ್ಕೆ 80 ಯೂನಿಟ್. ಫ್ಯಾನಿನ ಶಾಲೆಗೆ ಇದು ಸಾಕು, ಪಂಪು, ಕಂಪ್ಯೂಟರ್‌ಗೂ ಉಳಿಯುತ್ತದೆ. ಮೇ ತಿಂಗಳ ರಜೆಯಲ್ಲಿ ಬಿಸಿಲು ಜೋರು, ಬಳಕೆ ಇಲ್ಲ. ನೆಟ್ ಮೀಟರ್ ಇದ್ದರೆ ಆ ಯೂನಿಟ್ ಗ್ರಿಡ್‌ಗೆ ಹೋಗಿ ಲೆಕ್ಕಕ್ಕೆ ಜಮಾ ಆಗುತ್ತದೆ. ಎಸಿ ಶಾಲೆಗೆ ಅದೇ ಟೆರೇಸ್ ಆರು ಪಟ್ಟು ದೊಡ್ಡದಿರಬೇಕಿತ್ತು. ಸೋಲಾರ್ ಹಾಕಿದ್ದೇವಲ್ಲ, ಇನ್ನು ಎಸಿ ಹಾಕಿದರೇನು ಎಂದು ಕೇಳಿದವರಿಗೆ ನನ್ನ ಉತ್ತರ ಈ ಲೆಕ್ಕವೇ.

ಉಳಿದ ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದನ್ನೂ ಮರೆಯಬಾರದು. ಡಹಾಣು, ಟ್ರಾಂಬೆಯ ಕಲ್ಲಿದ್ದಲಿನ ಸ್ಥಾವರಗಳಿಂದ ಈ ನಗರಕ್ಕೆ ಕರೆಂಟ್ ಬಂದಿದೆ. ಮಹಾನಗರಪಾಲಿಕೆ 2022ರ ಮಾರ್ಚ್‌ನಲ್ಲಿ ಮುಂಬೈಯ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. 2050ರ ಹೊತ್ತಿಗೆ ನಗರದ ನಿವ್ವಳ ಇಂಗಾಲ ಸೊನ್ನೆಗೆ ಇಳಿಯಬೇಕು ಎಂಬುದು ಅದರ ಗುರಿ. ಈಗ ಕಟ್ಟುವ ಶಾಲೆ ಆ 2050ರಲ್ಲೂ ನಡೆಯುತ್ತಿರುತ್ತದೆ. ಇಂದು ಒಂದನೇ ಕ್ಲಾಸಿನಲ್ಲಿರುವ ಮಗುವಿಗೆ ಆಗ ಮೂವತ್ತರ ಆಸುಪಾಸು ವಯಸ್ಸು.

ಎಸಿ ಇಲ್ಲದಿದ್ದರೆ ಪೋಷಕರು ಬರಲ್ಲ ಎಂಬ ಭಯ ನನಗೆ ಅರ್ಥವಾಗುತ್ತದೆ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ನೋಡುತ್ತಾ ಬಂದವರಿಗೆ ಆ ಭಯ ಇರುವುದು ಸಹಜ. ಆದರೆ ಎಸಿಯ ಖರ್ಚು ಕೊನೆಗೆ ಬೀಳುವುದು ಫೀಸಿನ ಮೇಲೆ. ಫೀಸು ಏರಿದರೆ ಮೊದಲು ಬಿಟ್ಟು ಹೋಗುವವರು ಯಾರು? ಕಲಬುರಗಿ, ವಿಜಯಪುರದಿಂದ ಬಂದು ಕಟ್ಟಡ ಕೆಲಸ ಮಾಡುವವರ ಮಕ್ಕಳು, ಹೋಟೆಲ್ ಕೆಲಸದವರ ಮಕ್ಕಳು. ಈ ಶಾಲೆಗಳು ಹುಟ್ಟಿದ್ದೇ ಅವರಿಗಾಗಿ.

ಫ್ಯಾನಿನ ಲೆಕ್ಕ ಇನ್ನೂ ಸರಳ. ಬಿಎಲ್‌ಡಿಸಿ ಫ್ಯಾನಿಗೆ ಸಾವಿರ, ಒಂದೂವರೆ ಸಾವಿರ ರೂಪಾಯಿ ಜಾಸ್ತಿ ಬೀಳುತ್ತದೆ. 80 ಫ್ಯಾನಿಗೆ ಸುಮಾರು ಒಂದು ಲಕ್ಷ. ವರ್ಷಕ್ಕೆ 220 ದಿನ ಓಡಿದರೆ ಉಳಿಯುವುದು ಸುಮಾರು 7,500 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದುಕೊಂಡರೂ 60,000. ಎರಡು ವರ್ಷದೊಳಗೆ ಹಣ ವಾಪಸ್.

ಮೇಲಿನ ಮಹಡಿಯ ಕಷ್ಟ ಬೇರೆಯೇ. ಟೆರೇಸಿನ ಸ್ಲ್ಯಾಬ್ ಹಗಲಿಡೀ ಕಾದು ಸಂಜೆವರೆಗೆ ಕೆಳಗೆ ಶಾಖ ಬಿಡುತ್ತದೆ. ಮುಂಬೈಯಲ್ಲಿ ವಾಟರ್‌ಪ್ರೂಫಿಂಗ್‌ಗೆ ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು ಮತ್ತು ಗಾರೆಯ ಪದರ, ಹಾಕುವುದು ರೂಢಿ. ಅದರ ಮೇಲೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ ಚೂರು ಕೂರಿಸಿದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ. ಪ್ಯಾನೆಲ್‌ಗಳನ್ನು ಎತ್ತರದ ಸ್ಟ್ಯಾಂಡ್ ಮೇಲೆ ಇಟ್ಟರೆ ಕೆಳಗಿನ ಸ್ಲ್ಯಾಬಿಗೆ ನೆರಳೂ ಆಯಿತು. ಬರಿಗಾಲಲ್ಲಿ ಎರಡೂ ಬಗೆಯ ಟೆರೇಸ್ ಮೇಲೆ ನಡೆದವರಿಗೆ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ಕೆಡವುವ ಮೊದಲು

ಸಿಮೆಂಟ್ ತಯಾರಿಯಲ್ಲಿ ಸುಣ್ಣದ ಕಲ್ಲನ್ನು ಸುಡುವಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಸುಡುವ ಇಂಧನದ್ದು ಬೇರೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ನೂರಕ್ಕೆ 7-8. ಹಾಗಾಗಿ ರಿಪೇರಿಯಿಂದ ಉಳಿಯುವ ಕಟ್ಟಡವನ್ನು ಸುಮ್ನೆ ಕೆಡವುವುದು ಪರಿಸರದ ಲೆಕ್ಕದಲ್ಲೂ ನಷ್ಟ. ಕೆಡವಲೇಬೇಕು ಎಂದು ಆಡಿಟ್ ಹೇಳಿದರೆ, ಹೊಸದಕ್ಕೆ ಹಾರುಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟ್ ಬಳಸಬಹುದು. ಸ್ಲ್ಯಾಗ್ ಸಿಮೆಂಟ್ ಉಪ್ಪುಗಾಳಿಗೂ ಚೆನ್ನಾಗಿ ತಡೆಯುತ್ತದೆ.

ಹಳೇ ಕಟ್ಟಡದ ವಸ್ತುಗಳನ್ನು ಗುಜರಿಗೆ ಹಾಕುವ ಮೊದಲು ಒಂದು ಸುತ್ತು ನೋಡಿ ಬನ್ನಿ. ನಾನು ನೋಡಿದ ಆ ಶಾಲೆಯ ಕೆಳಮಹಡಿಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದೆ. ಕಲಬುರಗಿ ಜಿಲ್ಲೆಯ ಕಲ್ಲು. ಮಕ್ಕಳ ಕಾಲು ತಾಗಿ ತಾಗಿ ನಡುವೆ ನುಣುಪಾಗಿದೆ, ಒಂದು ಕಲ್ಲೂ ಒಡೆದಿಲ್ಲ. ಹಿಂದಿನ ಶೆಡ್ಡಿನಲ್ಲಿ ಮಂಗಳೂರು ಹೆಂಚು. ಸಾಗುವಾನಿಯ ಬಾಗಿಲುಗಳೂ ಇವೆ. ಇವನ್ನು ಬಿಡಿಸಿ ತೆಗೆದು ಹೊಸ ಕಾರಿಡಾರ್‌ಗೆ, ಲೈಬ್ರರಿಗೆ ಬಳಸಬಹುದು. ಬಿಡಿಸುವ ಕೂಲಿ ಬೀಳುತ್ತದೆ, ಆದರೂ ಆ ಗುಣಮಟ್ಟದ ಹೊಸ ಕಲ್ಲಿಗೆ ಕೊಡುವ ಹಣಕ್ಕಿಂತ ಕಡಿಮೆಯೇ.

ನೀರಿನ ವಿಷಯ ಜಾಸ್ತಿ ಹೇಳಬೇಕಿಲ್ಲ. 400 ಚದರ ಮೀಟರ್ ಟೆರೇಸ್ ಮೇಲೆ ಒಂದು ಮಳೆಗಾಲದಲ್ಲಿ ಎಂಟು ಲಕ್ಷ ಲೀಟರ್ ನೀರು ಬೀಳುತ್ತದೆ. ಎಲ್ಲವನ್ನೂ ಹಿಡಿಯಲು ಜಾಗ ಇರುವುದಿಲ್ಲ. ಆದರೆ ಟಾಯ್ಲೆಟ್ ಫ್ಲಶ್‌ಗೆ ಬೇರೆ ಪೈಪ್‌ಲೈನ್ ಇದ್ದರೆ ನಾಲ್ಕು ತಿಂಗಳು ಕುಡಿಯುವ ನೀರನ್ನು ಫ್ಲಶ್‌ಗೆ ಸುರಿಯುವುದು ತಪ್ಪುತ್ತದೆ. ಆ ಪೈಪನ್ನು ಮಾತ್ರ ಕಟ್ಟುವಾಗಲೇ ಹಾಕಬೇಕು.

ಕಾನೂನು ಇದನ್ನೆಲ್ಲ ಮಾಡಿಸುತ್ತದೆ ಎಂದು ಕಾಯಬಾರದು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2017ರಲ್ಲಿ ತಂದ ಕಟ್ಟಡ ಸಂಹಿತೆ ಅನ್ವಯವಾಗುವುದು 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ಲೋಡ್ ಇರುವ ಕಟ್ಟಡಗಳಿಗೆ. ಎಸಿ ಇಲ್ಲದ ಇಪ್ಪತ್ತು ಕ್ಲಾಸಿನ ಶಾಲೆ ಆ ಗೆರೆ ಮುಟ್ಟುವುದೇ ಇಲ್ಲ. ಗ್ರಿಹಾ, ಐಜಿಬಿಸಿ ಸಂಸ್ಥೆಗಳು ಶಾಲೆಗಳಿಗೆಂದೇ ಗ್ರೀನ್ ರೇಟಿಂಗ್ ಕೊಡುತ್ತವೆ. ಹಣ ಇದ್ದವರು ಮಾಡಿಸಲಿ. ಇಲ್ಲದವರು ಆ ರೇಟಿಂಗ್‌ನಲ್ಲಿ ನೋಡುವ ಅಂಶಗಳ ಪಟ್ಟಿ ಇಟ್ಟುಕೊಂಡು ತಮ್ಮ ನಕ್ಷೆಯನ್ನು ತಾವೇ ಪರೀಕ್ಷಿಸಿಕೊಂಡರೂ ಸಾಕಷ್ಟು ಲಾಭ ಇದೆ.

ದಾನಿಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮವರು ಧಾರಾಳವಾಗಿ ಕೊಡುತ್ತಾರೆ. ಹೋಟೆಲ್ ನಡೆಸಿ ದುಡಿದವರು ಸೋಲಾರ್ ಪ್ಯಾನೆಲ್‌ಗೆ, ಕಂಪ್ಯೂಟರ್ ರೂಮಿಗೆ ಸಂತೋಷದಿಂದ ಹಣ ಕೊಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಎಂಟಡಿ ಕಾರಿಡಾರ್‌ಗೆ, ಎರಡಡಿ ಎತ್ತರಿಸಿದ ಛಾವಣಿಗೆ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕಮಿಟಿಗಳು ಕೇಳಬೇಕು. ‘ನಿಮ್ಮ ಹಣದಿಂದ ಈ ಮಹಡಿಯ ಐದು ಕ್ಲಾಸಿಗೆ ಎರಡೂ ಕಡೆ ಗಾಳಿ ಬಂತು’ ಎಂದು ಹೇಳಿದರೆ ಅರ್ಥವಾಗದ ದಾನಿ ಯಾರೂ ಇಲ್ಲ.

ಇನ್ನು ನೋಡಿಕೊಳ್ಳುವವರು. ಪ್ಯಾನೆಲ್ ಮೇಲೆ ಧೂಳು, ಹಕ್ಕಿ ಹಿಕ್ಕೆ ಕೂತರೆ ಕರೆಂಟ್ ಇಳಿಯುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಯಾರು ತೊಳೆಯುತ್ತಾರೆ, ಟೆರೇಸ್ ಮೇಲೆ ನಲ್ಲಿ ಎಲ್ಲಿ, ಏಣಿ ಎಲ್ಲಿ ಎಂಬುದನ್ನೂ ಅದೇ ನಕ್ಷೆಯಲ್ಲಿ ಬರೆಯಬೇಕು.

ಆ ಶಾಲೆಯ ನಕ್ಷೆ ಈಗ ಒಮ್ಮೆ ಬದಲಾಗಿದೆ. ಪಶ್ಚಿಮದ ಮೂಲೆಯಲ್ಲಿ ಕ್ಲಾಸು ಹೋಗಿ ಮೆಟ್ಟಿಲು ಬಂದಿದೆ. ಕಾರಿಡಾರ್ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಒಂದೇ ಸಾಲಿಗೆ ಮಾಡಿದರೆ ಒಂದು ಮಹಡಿ ಜಾಸ್ತಿ ಏರಿಸಬೇಕು, ಅದಕ್ಕೆ ಹಣ ಕೂಡಿಸಬೇಕು. ಹೊಸ ನಕ್ಷೆಯನ್ನು ಮೂರನೇ ಮಹಡಿಯ ಆ ಟೀಚರ್‌ಗೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಉತ್ತರದ ಕಿಟಕಿಗಳ ಮೇಲೆ ಬೆರಳಿಟ್ಟು, ‘ಇಲ್ಲಿ ಬೆಂಚು ಗೋಡೆಗೆ ತಾಗಿಸಿ ಹಾಕಬಹುದಾ ಸರ್?’ ಎಂದು ಕೇಳಿದರು.

ಹಾಕಬಹುದು ಅಂದೆ.